ಐದಕ್ಕೆ ಐದು

ಬೆಳಿಗ್ಗೆ ಫೋನಿನಲ್ಲಿ ಹೆಂಡತಿ ಏನೋ ಹೇಳಿದ್ದಳು. ಒಂದೆರಡು ಮಾತಲ್ಲ, ಸಾಕಷ್ಟು ಹೊತ್ತೇ ಹೇಳಿದ್ದಳು. ಏನು ಹೇಳಿದಳು ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲ ಅವನಿಗೆ ನೆನಪಿತ್ತು. ದನಿ ತುಂಬಿಕೊಂಡು ಬಂದಿತ್ತು, ಎಲ್ಲೂ ಒಡೆದಿರಲಿಲ್ಲ, ಹಿಂದೆ ಗುಂಯ್‌ಗುಡುವ ಸದ್ದಿರಲಿಲ್ಲ, ಅವಳು ಉಸಿರೆಳೆದುಕೊಂಡದ್ದು ಕೂಡ ಪಕ್ಕದಲ್ಲೇ ಕೂತು ಎಳೆದುಕೊಂಡಷ್ಟು ಸ್ಪಷ್ಟವಾಗಿತ್ತು. ನಡುವೆ ಒಂದು ಕಡೆ ದನಿ ನಡುಗಿದಾಗ ಅವನು ತಟ್ಟನೆ ತಲೆಯೆತ್ತಿ, ತಾನು ಪರೀಕ್ಷೆಗೆ ನಿಂತಿದ್ದ ಟವರಿನ ಕಡೆ ನೋಡಿದ್ದ. ಇಲ್ಲ, ಇದು ಲೈನಿನ ನಡುಕವಲ್ಲ, ಮನುಷ್ಯರ ನಡುಕ ಎಂದು ತೀರ್ಮಾನಿಸಿ ಸಮಾಧಾನಪಟ್ಟುಕೊಂಡಿದ್ದ. ಅವಳು ಮುಗಿಸಿ ಸುಮ್ಮನಾದಾಗ "ಐದಕ್ಕೆ ಐದು" ಎಂದು ಹೇಳಿ ಕಟ್ ಮಾಡಿದ್ದ. ಆಮೇಲೆ ಆಫೀಸಿಗೆ ಬಂದು, ಮೇಲಿನ ಮಹಡಿಯ ಸಭೆಯ ಕೋಣೆಯಲ್ಲಿ ಕೂತು, ಕಾಫಿಯ ಲೋಟ ತುಟಿಗೆ ತಾಗಿಸುವಾಗ ಒಮ್ಮೆಲೇ ಹೊಳೆಯಿತು: ಅವಳು ಏನೋ ಕೇಳಿಕೊಂಡಳು. ಹೇಳುವ ದನಿಯಲ್ಲ ಅದು, ಕೇಳಿಕೊಳ್ಳುವ ದನಿ. ಕಾಫಿ ನಾಲಿಗೆಗೆ ರುಚಿಸಲಿಲ್ಲ.

ಮಾತು ಕೇಳುವುದು ಅವನ ಕೆಲಸವಲ್ಲ, ದನಿ ಕೇಳುವುದು ಅವನ ಕೆಲಸ. ಫೋನ್ ಕಂಪನಿಯಲ್ಲಿ ಹೊಸ ಟವರು ಎದ್ದಾಗಲೆಲ್ಲ ಅದರ ಕೆಳಗೆ ನಿಂತು ಯಾರಿಗಾದರೂ ಕರೆ ಮಾಡಿ, ಆ ಕಡೆಯ ದನಿಗೆ ಐದರಲ್ಲಿ ಅಂಕ ಕೊಡುವುದು. ಆ ದನಿ ರಾಮಾಯಣ ಹೇಳಲಿ, ಬೈಯಲಿ, ಅಂಕ ಒಂದೇ. ಮಾತಿನ ಅರ್ಥಕ್ಕೆ ಕಿವಿ ಕೊಟ್ಟರೆ ದನಿಯ ದೋಷ ತಪ್ಪಿಹೋಗುತ್ತದೆ ಎಂದು ಕೆಲಸ ಕಲಿಸಿದ ಹಿರಿಯ ಮೊದಲ ದಿನವೇ ಹೇಳಿದ್ದ. ಇವನು ಆ ವಿದ್ಯೆಯಲ್ಲಿ ಎಷ್ಟು ಪಳಗಿದನೆಂದರೆ ಸಾವಿನ ಮನೆಗೆ ಹೋದರೂ ಅಳುವವರ ಮೇಲ್ದನಿ ಕೀಳ್ದನಿ ತೂಗುತ್ತ ನಿಂತಿರುತ್ತಿದ್ದ. ಈಗ ಅಂಕ ಕೊಡಲು ಯಂತ್ರವೇ ಬಂದಿದೆ, ನಿಮಿಷಕ್ಕೆ ಸಾವಿರ ಕರೆ ಮಾಡಿ ತಾನೇ ಮಾತಾಡಿ ತಾನೇ ಕೇಳಿಸಿಕೊಂಡು ತಾನೇ ಅಂಕ ಹಾಕಿಕೊಳ್ಳುತ್ತದೆ. ಆದರೂ ಕಂಪನಿ ಇವನನ್ನು ಇಟ್ಟುಕೊಂಡಿತ್ತು, ಮಿಕ್ಸಿ ಬಂದ ಮೇಲೂ ಹಿತ್ತಲಲ್ಲಿ ಒರಳುಕಲ್ಲು ಉಳಿದುಕೊಳ್ಳುವಂತೆ. ಆಫೀಸಿನ ಕಿರಿಯರು ಹಿಂದಿನಿಂದ 'ಹಲೋ ಸರ್' ಎನ್ನುತ್ತಿದ್ದರು. ಎದುರಿಗೂ ಅದನ್ನೇ ಎನ್ನುತ್ತಿದ್ದರು, ಆಗ ಅದು ನಮಸ್ಕಾರದಂತೆ ಕೇಳುತ್ತಿತ್ತು, ಅವನು ಏನೂ ಮಾಡುವಂತಿರಲಿಲ್ಲ.

ಆ 'ಯಾರಿಗಾದರೂ' ಎಂಬ ಯಾರಾದರೂ ಅವನ ಹೆಂಡತಿಯೇ. ಮದುವೆಯಾದ ವರ್ಷವೇ ಊರಿಗೆ ಮೊದಲ ಟವರು ಬಂತು. ಇಟ್ಟಿಗೆಯಷ್ಟು ಭಾರದ ಫೋನೊಂದನ್ನು ಕಂಪನಿ ಅವನ ಮನೆಗೆ ಪುಕ್ಕಟೆ ಕೊಟ್ಟಿತು. ಬಂದ ಕರೆಗೂ ದುಡ್ಡು ಕೊಡಬೇಕಾದ ಕಾಲ, ಬೀದಿಯವರೆಲ್ಲ ಬಂದು ಮುಟ್ಟಿ ನೋಡಿ ಹೋದರು. ಅವನು ಗುಡ್ಡದ ಮೇಲೆ ನಿಂತು "ಹಲೋ, ಕೇಳಿಸ್ತಾ?" ಎಂದರೆ ಅವಳು ಒಲೆಯ ಮುಂದೆ ನಿಂತು, ಗುಡ್ಡದವರೆಗೆ ಫೋನಿಲ್ಲದೆಯೇ ಮುಟ್ಟುವಷ್ಟು ಗಟ್ಟಿಯಾಗಿ "ಕೇಳಿಸ್ತಾ ಇದೆ, ಯಾವಾಗ ಬರ್ತೀರಿ?" ಎನ್ನುತ್ತಿದ್ದಳು. 'ಯಾವಾಗ ಬರ್ತೀರಿ' ಎಂಬುದು ಪರೀಕ್ಷೆಗೆ ಬೇಕಾಗಿರಲಿಲ್ಲ, ಅವನು ಅಷ್ಟರಲ್ಲಿ ಕಟ್ ಮಾಡಿರುತ್ತಿದ್ದ. ಆಮೇಲೆ ಫೋನು ಅಂಗೈಗೆ ಇಳಿಯಿತು, ಜನ ದುಡ್ಡುಳಿಸಲು ಮಿಸ್ಡ್ ಕಾಲ್ ಕೊಡುವುದನ್ನು ಕಲಿತರು. ಒಂದು ರಿಂಗಾದರೆ ಹೊರಟೆ ಎಂದು, ಎರಡಾದರೆ ತಡವಾಗುತ್ತದೆ ಎಂದು ಅವರಿಬ್ಬರೊಳಗೂ ಒಪ್ಪಂದವಾಯಿತು. ಮೂರನೆಯ ರಿಂಗಿಗೆ ಏನರ್ಥ ಎಂದು ಅವಳು ಕೇಳಿದಳು. ಮೂರು ಯಾಕೆ, ಹೇಳಲಿಕ್ಕೆ ಇನ್ನೇನಿರುತ್ತೆ ಎಂದಿದ್ದ. ಮೆಸೇಜು ಬಂತು, ಆಮೇಲೆ ಚಿತ್ರ ಬಂತು, ಆಮೇಲೆ ಫೋನಿನೊಳಗೆ ಇಡೀ ಸಿನಿಮಾ ಬಂತು. ಒಂದೊಂದು ತಲೆಮಾರಿನ ನೆಟ್‌ವರ್ಕ್ ಬಂದಾಗಲೂ ಅವಳ ಉತ್ತರ ಒಂದೊಂದು ಮಾತು ಕಳೆದುಕೊಂಡು, ಬರೀ "ಕೇಳಿಸ್ತಾ ಇದೆ" ಎಂಬಲ್ಲಿಗೆ ಬಂದು ನಿಂತಿತು. ಪೈಪು ದಪ್ಪವಾದಷ್ಟೂ ನೀರು ಕಡಿಮೆಯಾಗಿತ್ತು. ಇದನ್ನು ಅವನು ಸಂಸಾರದ ಹೊಂದಾಣಿಕೆ ಎಂದುಕೊಂಡಿದ್ದ.

ಹಾಗಿದ್ದವಳು ಇವತ್ತು ಇದ್ದಕ್ಕಿದ್ದಂತೆ ಅಷ್ಟೊಂದು ಮಾತಾಡಿದ್ದಳು. ಸಭೆಯ ಕೋಣೆಯಲ್ಲಿ ಎದುರಿನ ಪರದೆಯ ಮೇಲೆ ಕಂಪನಿಯ ಡೈರೆಕ್ಟರು ಒಂದು ಗೆರೆ ಹೇಗೆ ಮೇಲೆ ಹೋಗುತ್ತದೆ ಎಂದು ತೋರಿಸುತ್ತಿದ್ದ. ಇವನ ಮಗಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನಿರಬಹುದು, ಕಾಲಿಗೆ ಆಟದ ಶೂ ಹಾಕಿಕೊಂಡು ಗಂಭೀರ ವಿಷಯ ಮಾತಾಡುತ್ತಿದ್ದ. ಸಂಜೆ ಹೊಸ ತಲೆಮಾರಿನ ನೆಟ್‌ವರ್ಕಿನ ಉದ್ಘಾಟನೆ. ವೇದಿಕೆಯ ಮೇಲಿಂದ ಡೈರೆಕ್ಟರು ಮೊದಲ ವಿಡಿಯೋ ಕರೆ ಮಾಡುವುದು ಹಲೋ ಸರ್ ಅವರ ಮನೆಗೆ. ಅಂದು ಮೊದಲ ಟವರಿನ ಮೊದಲ ಕರೆ ತೆಗೆದುಕೊಂಡ ಹೆಂಗಸೇ ಇಂದೂ ತೆಗೆದುಕೊಳ್ಳುತ್ತಾಳೆ. "ಇದೊಂದು ಭಾವನಾತ್ಮಕ ಕಥೆ. ನಾವು ಮಾರೋದು ಡೇಟಾ ಅಲ್ಲ, ನಾವು ಮನುಷ್ಯರನ್ನ ಹತ್ತಿರ ತರ್ತೀವಿ," ಎಂದ ಡೈರೆಕ್ಟರು. ಮೇಜಿನ ಸುತ್ತ ಕೂತವರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಫೋನು ನೋಡುತ್ತ ಹೌದೆಂದರು. ಆ ಫೋನುಗಳಲ್ಲಿ ಏನೂ ಬರುತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂಬಂತೆ ಕಂಪನಿಯ ಈ ಗಾಜಿನ ಕಟ್ಟಡದೊಳಗೆ ಕಂಪನಿಯದೇ ಸಿಗ್ನಲ್ ಬರುತ್ತಿರಲಿಲ್ಲ. ಗಾಜಿಗೆ ಹಚ್ಚಿದ ಬಣ್ಣದ ಪದರ ಬಿಸಿಲಿನ ಜೊತೆ ಅಲೆಗಳನ್ನೂ ತಡೆಯುತ್ತದೆ ಎಂದು ಇವನು ಮೂರು ಸಲ ಬರೆದುಕೊಟ್ಟಿದ್ದ, ಮೂರು ಸಲವೂ ಮೆಚ್ಚುಗೆಯ ಪತ್ರ ಬಂದಿತ್ತು.

ಸಿಗ್ನಲ್ ಬೇಕಾದವರು ಹೊರಗಿನ ಕಬ್ಬಿಣದ ಮೆಟ್ಟಿಲಿಗೆ ಹೋಗಬೇಕು. ಬೆಂಕಿ ಬಿದ್ದರೆ ಓಡಲೆಂದು ಮಾಡಿದ ಮೆಟ್ಟಿಲು, ಅಲ್ಲಿ ಯಾವಾಗಲೂ ಜನ. ಒಬ್ಬನು ಕಂಬಿಗೆ ಒರಗಿ ಸಾಲದವರಿಗೆ ಸಬೂಬು ಹೇಳುತ್ತಿದ್ದ, ಒಬ್ಬಳು ಫೋನನ್ನು ಕನ್ನಡಿಯಂತೆ ಹಿಡಿದು ನಗುತ್ತಿದ್ದಳು. ಅವನು ಒಂದು ಮೆಟ್ಟಿಲು ಹಿಡಿದು ನಿಂತು ಮನೆಗೆ ಕರೆ ಮಾಡಿದ. ರಿಂಗಾಯಿತು, ಪೂರ್ತಿ ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ. ಬೇಕೆಂದೇ ಎತ್ತುತ್ತಿಲ್ಲ. ಒಂದು ವರ್ಷದಿಂದ ಹೀಗೇ ಆಗಿದ್ದಾಳೆ, ಒಳಕೋಣೆಯಿಂದ ಕರೆದರೆ ಓಗೊಡುವುದಿಲ್ಲ, ಬೆನ್ನ ಹಿಂದೆ ನಿಂತು ಏನಾದರೂ ಹೇಳಿದರೆ ತರಕಾರಿ ಹೆಚ್ಚುತ್ತಲೇ ಇರುತ್ತಾಳೆ, ಟೀವಿಯನ್ನು ಬೀದಿಗೆಲ್ಲ ಕೇಳುವಂತೆ ಇಟ್ಟುಕೊಂಡು ಇವನ ಮಾತು ಮುಚ್ಚಿಹಾಕುತ್ತಾಳೆ. ಯಾವ ಸಿಟ್ಟು ಎಂದು ಅವನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎಂಬಂತೆ ತಾನೇ ಹುಡುಕಿಕೊಂಡಿದ್ದ: ಅವಳ ಅಣ್ಣನನ್ನು ಊಟಕ್ಕೆ ಕರೆದು ತಾನೇ ಮರೆತು ಟವರಿಗೆ ಹೋದದ್ದಿರಬಹುದು, ಅವಳು ಕಷ್ಟಪಟ್ಟು ಕಲಿತ ಹೊಲಿಗೆಯನ್ನು ನೋಡಿ ಕಾಲಕ್ಷೇಪ ಎಂದದ್ದಿರಬಹುದು. ಒಂದೊಂದಕ್ಕೂ ಮನಸ್ಸಿನಲ್ಲೇ ಕ್ಷಮೆ ಕೇಳಿ ಮುಗಿಸಿದ್ದ. ಇಷ್ಟು ಕ್ಷಮೆ ಕೇಳಿದ ಮೇಲೂ ಮಾತಾಡದಿದ್ದರೆ ತಪ್ಪು ಅವಳದೇ ಎಂದು ಒಂದು ಬಗೆಯ ಸುಖವೂ ಆಗಿತ್ತು. ಮುನಿಸಿಕೊಂಡ ಹೆಂಡತಿಯ ತಾಳ್ಮೆಯ ಗಂಡನಾಗಿ ವರ್ಷ ಕಳೆಯುವುದು ಅಂಥ ಕಷ್ಟದ ಕೆಲಸವೇನಲ್ಲ.

ಮೆಸೇಜು ಕಳಿಸೋಣವೆಂದು 'ಬೆಳಿಗ್ಗೆ ಏನು ಹೇಳಿದೆ?' ಎಂದು ಬರೆದ. ಬರೆದದ್ದನ್ನು ನೋಡಿದರೆ ಅದು ಪ್ರಶ್ನೆಯಂತೆ ಕಾಣಲಿಲ್ಲ, ತಪ್ಪೊಪ್ಪಿಗೆಯಂತೆ ಕಂಡಿತು. ಅಷ್ಟು ಹೊತ್ತು ಹೇಳಿದ್ದನ್ನು ನೀವು ಕೇಳಿಸಿಕೊಳ್ಳಲೇ ಇಲ್ಲವಾ ಎಂದರೆ? ಹಾಗಾದರೆ ಇಷ್ಟು ವರ್ಷ ಏನು ಕೇಳಿಸಿಕೊಂಡಿರಿ ಎಂದರೆ? ಅಳಿಸಿದ. 'ಎಲ್ಲಾ ಸರಿ ತಾನೆ?' ಎಂದು ಬರೆದು ಕಳಿಸಿದ. ಸ್ವಲ್ಪ ಹೊತ್ತಿಗೆ ಉತ್ತರ ಬಂತು, ಕೈಮುಗಿದ ಒಂದು ಚಿತ್ರ. ಅವನು ಆ ಎರಡು ಹಳದಿ ಕೈಗಳನ್ನು ದೊಡ್ಡದು ಮಾಡಿ ನೋಡಿದ. ಉಪಕಾರವಾಯಿತು ಎಂದೋ, ದಮ್ಮಯ್ಯ ಎಂದೋ, ಸಾಕು ಮಾರಾಯ ಎಂದೋ ಆ ಕೈಗಳಿಂದ ತಿಳಿಯುವಂತಿರಲಿಲ್ಲ. ಇಂಥ ಚಿತ್ರಗಳು ಬಂದಾಗ ಕಂಪನಿ ಹಬ್ಬ ಮಾಡಿತ್ತು, ಇನ್ನು ಭಾಷೆಯ ತೊಡಕಿಲ್ಲ ಎಂದು. ಅವನಿಗೆ ಮೊದಲ ಬಾರಿಗೆ ಕಂಪನಿಯ ಮೇಲೆ ಸಿಟ್ಟು ಬಂತು.

ಬೇರೆ ಊರಿನಲ್ಲಿ ನರ್ಸ್ ಕೆಲಸ ಮಾಡುವ ಮಗಳಿಗೆ ಕರೆ ಮಾಡಿದ. ಮಗಳು ಎತ್ತಿದಳು, ಹಿಂದೆ ಟ್ರಾಲಿ ಉರುಳುವ ಸದ್ದು.

"ಏನಪ್ಪ, ಈ ಹೊತ್ತಲ್ಲಿ?"

"ಸುಮ್ನೆ. ಅಮ್ಮ ನಿಂಗೇನಾದ್ರೂ ಹೇಳಿದ್ಲಾ?"

"ನಂಗೆ ಹೋದ ವಾರಾನೇ ಹೇಳಿದ್ಲು. ನಿಮಗೆ ಇವತ್ತು ಹೇಳ್ತೀನಿ ಅಂದಿದ್ಲಲ್ಲ. ಎದುರಿಗೆ ಹೇಳೋಕೆ ಧೈರ್ಯ ಇಲ್ಲ, ಬೆಳಿಗ್ಗೆ ನಿಮ್ಮ ಕಾಲ್ ಬಂದಾಗ ಹೇಳ್ಬಿಡ್ತೀನಿ ಅಂತ. ಹೇಳಿಲ್ವಾ?"

"ಹೇಳಿದ್ಲು, ಹೇಳಿದ್ಲು."

"ಮತ್ತೆ ನೀವೇನಂದ್ರಿ?"

ಇಲ್ಲಿ ಸುಳ್ಳು ಹೇಳಬಹುದಿತ್ತು. ಸುಳ್ಳು ಹೇಳಲಿಕ್ಕೂ ವಿಷಯ ಏನೆಂದು ಗೊತ್ತಿರಬೇಕಲ್ಲ. "ಐದಕ್ಕೆ ಐದು ಅಂದೆ," ಎಂದ.

ಆ ಕಡೆ ಟ್ರಾಲಿ ನಿಂತಿತು. "ಅಪ್ಪ, ಇದ್ರಲ್ಲೂ ತಮಾಷೆನಾ ನಿಮಗೆ? ಅವಳು ಎಷ್ಟು ದಿನದಿಂದ ಒದ್ದಾಡಿದಾಳೆ ಗೊತ್ತಾ?"

"ತಮಾಷೆ ಅಲ್ಲಮ್ಮ. ಅದು, ಅಂದ್ರೆ—"

"ಸಂಜೆ ಅದನ್ನ ತಪ್ಪಿಸ್ತೀರೋ ಇಲ್ವೋ, ಅಷ್ಟು ಹೇಳಿ ಮೊದ್ಲು."

"ಯಾವುದನ್ನ?" ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಯಾರೋ ಮೆಟ್ಟಿಲ ಬಾಗಿಲು ತೆರೆದು ಇವನನ್ನು ಒಳಕ್ಕೆ ಸರಿಸಿದರು, ಒಂದು ಹೆಜ್ಜೆ ಒಳಗೆ ಬಂದದ್ದೇ ಲೈನು ಸತ್ತಿತು. ಮತ್ತೆ ಹೊರಗೆ ಹೋಗಿ ಮಾಡಿದರೆ ಮಗಳ ಫೋನು ಬಿಜಿ. ಅಮ್ಮನಿಗೇ ಮಾಡುತ್ತಿರಬೇಕು. ತಾನು ಜೀವಮಾನವಿಡೀ ಹೆಣೆದ ಬಲೆಯೊಳಗೆ ಇಬ್ಬರು ಹೆಂಗಸರು ತನ್ನನ್ನು ಹೊರಗಿಟ್ಟು ಮಾತಾಡುತ್ತಿದ್ದಾರೆ ಎನಿಸಿ ಅವನಿಗೆ ಅವಮಾನವಾಯಿತು, ಹೊಟ್ಟೆಯುರಿಯೂ ಆಯಿತು.

ಸಂಜೆಯದನ್ನು ತಪ್ಪಿಸಬೇಕು, ಅಷ್ಟಂತೂ ಗೊತ್ತಾಯಿತು. ವೇದಿಕೆಯ ಕರೆ ಅವಳಿಗೆ ಬೇಡ. ಯಾಕೆ ಬೇಡ? ಅವಳಿಗೆ ಕ್ಯಾಮೆರಾ ಎಂದರೆ ನಾಚಿಕೆ, ಅದಿರಬಹುದೇ? ನಾಚಿಕೆಗೆ ಯಾರೂ ದಿನಗಟ್ಟಲೆ ಒದ್ದಾಡುವುದಿಲ್ಲ. ಮನೆ ಬಿಟ್ಟು ಹೋಗುತ್ತಿದ್ದಾಳೆಯೆ? ನಾಲ್ಕು ಜನರ ಮುಂದೆ ನಗುವ ಗೃಹಿಣಿಯ ವೇಷ ಹಾಕಲಾರೆ ಎಂದಿರಬಹುದೆ? ಈ ವಯಸ್ಸಿನಲ್ಲಿ? ಈ ವಯಸ್ಸಿನಲ್ಲೇ ಹೋಗುವುದು, ಮೊದಲಾದರೆ ಮಗಳಿದ್ದಳು. ಮಧ್ಯಾಹ್ನ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಡೈರೆಕ್ಟರ ಹಿಂದೆ ಸರಿದು ನಿಂತು, ದೊಡ್ಡವರ ಹತ್ತಿರ ರಜೆ ಕೇಳುವಾಗಿನ ದನಿಯಲ್ಲಿ ಕೇಳಿದ: "ಸರ್, ಸಂಜೆ ಕಾಲ್ ಬೇರೆ ಯಾರ ಮನೆಗಾದ್ರೂ ಮಾಡ್ಬಹುದಾ?"

"ಯಾಕ್ರೀ? ಮನೇಲಿ ಏನಾದ್ರೂ ತೊಂದ್ರೆನಾ?"

ಹೌದು ಎನ್ನಬೇಕಿತ್ತು. ಹೌದೆಂದರೆ ಏನು ತೊಂದರೆ ಎಂದು ಕೇಳುತ್ತಾನೆ. ಗೊತ್ತಿಲ್ಲ ಸರ್, ಹೇಳಿದಳು, ನಾನು ದನಿ ನೋಡುತ್ತಿದ್ದೆ ಎನ್ನಬೇಕಾಗುತ್ತದೆ. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. "ತೊಂದ್ರೆ ಏನಿಲ್ಲ ಸರ್. ಅವಳು ಸ್ವಲ್ಪ ಸಂಕೋಚದವಳು."

"ಸಂಕೋಚಾನೇ ಬೇಕು ನಮಗೆ. ಸಹಜವಾಗಿರುತ್ತೆ. ನಮ್ಮೋರು ಇಬ್ರು ಆಗ್ಲೇ ನಿಮ್ಮನೇಲಿದ್ದಾರೆ, ಲೈಟು ಹಾಕ್ತಿದ್ದಾರೆ." ಡೈರೆಕ್ಟರು ಅವನ ತಟ್ಟೆ ನೋಡಿ ಮರುಕದಿಂದ ಇನ್ನೊಂದು ಬ್ರೆಡ್ಡು ಹಾಕಿದ. ಅವನು ಥ್ಯಾಂಕ್ಸ್ ಎಂದ.

ಇಬ್ಬರು ಅಪರಿಚಿತರು ತನ್ನ ಮನೆಯ ಹಾಲಿನಲ್ಲಿ ಕುರ್ಚಿ ಸರಿಸುತ್ತಿದ್ದಾರೆ, ಅವಳು ಗೋಡೆಗೆ ಒತ್ತಿಕೊಂಡು ನಿಂತಿದ್ದಾಳೆ. ಬೆಳಿಗ್ಗೆ ಬೇಡ ಎಂದಿದ್ದಳು, ಮಧ್ಯಾಹ್ನ ಲೈಟು ಬಂದಿತು. ಗಂಡನ ಉತ್ತರ ಇದು ಎಂದು ಅವಳು ತಿಳಿದುಕೊಂಡಿರಬೇಕಲ್ಲವೆ? ಅವನು ಈಗಲೇ ಎದ್ದು ಮನೆಗೆ ಹೋಗಬಹುದಿತ್ತು. ಬಸ್ಸಿಗೆ ಹೋದರೂ ಒಂದು ಗಂಟೆಯ ದಾರಿ. ಹೋಗಿ ಬಾಗಿಲಲ್ಲಿ ನಿಂತು ಏನೆಂದು ಕೇಳಬಹುದಿತ್ತು. ಹೋಗುವವನಂತೆ ಚೀಲ ತೆಗೆದುಕೊಂಡು ಲಿಫ್ಟಿನವರೆಗೆ ಹೋದ. ಲಿಫ್ಟಿನಲ್ಲಿ ಕಿರಿಯ ಇಂಜಿನಿಯರ್ ಹುಡುಗಿಯೊಬ್ಬಳು ತಂತಿಗಳ ಸುರುಳಿ ಹೊತ್ತು ನಿಂತಿದ್ದಳು. "ಹಲೋ ಸರ್, ಸಭಾಂಗಣಕ್ಕಾ? ಬನ್ನಿ, ನಾನೂ ಅಲ್ಲಿಗೇ," ಎಂದಳು. ಅವನು ಅವಳ ಜೊತೆ ಸಭಾಂಗಣಕ್ಕೇ ಹೋದ. ಇಷ್ಟು ಸುಲಭವಾಗಿ ಒಬ್ಬ ಗಂಡ ಮನೆಗೆ ಹೋಗುವುದನ್ನು ತಪ್ಪಿಸಿಕೊಳ್ಳಬಹುದು ಎಂದು ಅವನಿಗೂ ಆಶ್ಚರ್ಯವಾಯಿತು.

ಸಂಜೆ ಸಭಾಂಗಣ ತುಂಬಿತ್ತು. ಪತ್ರಿಕೆಯವರು ಮುಂದಿನ ಸಾಲಿನಲ್ಲಿ, ಹಣ ಹೂಡಿದವರು ಅವರ ಹಿಂದೆ. ವೇದಿಕೆಯ ಮೇಲೆ ಅವನಿಗೂ ಒಂದು ಕುರ್ಚಿ ಹಾಕಿದ್ದರು, ಹಿಂದೆ ಗೋಡೆಯಷ್ಟು ದೊಡ್ಡ ಪರದೆ. ಡೈರೆಕ್ಟರು ಇಟ್ಟಿಗೆಯ ಕಾಲದಿಂದ ಹಿಡಿದು ಕಥೆ ಹೇಳಿದ, ಗುಡ್ಡ, ಒಲೆ, ಹೊಸ ಮದುವಣಗಿತ್ತಿ, ಎಲ್ಲ. ಅವನ ಬಾಯಲ್ಲಿ ಅದು ಚೆನ್ನಾಗಿಯೇ ಇತ್ತು, ಕೇಳಿದವರಿಗೆ ಈ ದಂಪತಿ ಅಷ್ಟು ವರ್ಷದಿಂದ ಬಿಡದೆ ಮಾತಾಡುತ್ತಿದ್ದಾರೆ ಎನಿಸುವಂತಿತ್ತು. ಆಮೇಲೆ ಬೆಣ್ಣೆ ಕತ್ತರಿಸಿದಂತೆ ಸದ್ದಿಲ್ಲದೆ ಕರೆ ಹೋಯಿತು, ಪರದೆ ಬೆಳಗಿತು, ಅಲ್ಲಿ ಅವಳಿದ್ದಳು. ಅವಳ ಮುಖವನ್ನು ಇಷ್ಟು ದೊಡ್ಡದಾಗಿ ಅವನು ಯಾವತ್ತೂ ನೋಡಿರಲಿಲ್ಲ. ಕಣ್ಣಿನ ಕೆಳಗಿನ ಗೆರೆಗಳು, ಯಾರೋ ಒತ್ತಾಯದಿಂದ ಹಚ್ಚಿದ ಪೌಡರು, ತುಟಿಯ ಪಕ್ಕ ಸಣ್ಣಗೆ ಅದುರುವ ಒಂದು ನರ. ಹೊಸ ನೆಟ್‌ವರ್ಕ್ ಒಂದನ್ನೂ ಬಿಟ್ಟಿರಲಿಲ್ಲ.

"ನಮಸ್ಕಾರ ಅಮ್ಮ, ಹೇಗಿದ್ದೀರಿ?" ಎಂದ ಡೈರೆಕ್ಟರು.

"ಕೇಳಿಸ್ತಾ ಇದೆ," ಎಂದಳು ಅವಳು. ಸಭೆ ಪ್ರೀತಿಯಿಂದ ನಕ್ಕಿತು.

"ಇವತ್ತು ಹಬ್ಬ ನಮಗೆ. ಮನೇಲಿ ಜೊತೆಗೆ ಯಾರಿದ್ದಾರೆ?"

"ತುಂಬಾ ಕ್ಲಿಯರ್ ಆಗಿದೆ."

ಈ ಸಲದ ನಗು ಸ್ವಲ್ಪ ಬೇರೆ ಇತ್ತು. ಮುಂದಿನ ಸಾಲಿನಲ್ಲಿ ಒಬ್ಬ ಪಕ್ಕದವನ ಕಡೆ ಬಾಗಿದ. ಡೈರೆಕ್ಟರು ಮೈಕನ್ನು ಅಂಗೈಯಿಂದ ಮುಚ್ಚಿ ಹಲ್ಲು ಕಚ್ಚಿಕೊಂಡು, "ಏನ್ರೀ ಇದು? ಮಾತು ತಡವಾಗಿ ಹೋಗ್ತಿದೆಯಾ?" ಎಂದ. ಇಲ್ಲ. ಅವನಿಗೆ ಗೊತ್ತಿತ್ತು, ಒಂದಿಷ್ಟೂ ತಡವಿರಲಿಲ್ಲ. ಜೀವಮಾನದಲ್ಲಿ ಅವನು ಕೇಳಿದ ಅತ್ಯಂತ ಒಳ್ಳೆಯ ಲೈನು ಇದು. ಆದರೆ ಈಗ ಅವನು ಲೈನನ್ನು ಬಿಟ್ಟು ಅವಳ ಕಣ್ಣು ನೋಡುತ್ತಿದ್ದ. ಅವಳು ಡೈರೆಕ್ಟರ ಕಣ್ಣನ್ನು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದಳು. ಬಾಯಿ ನಿಂತಾಗ ಮಾತಾಡುತ್ತಿದ್ದಳು. ಒಳಕೋಣೆಯಿಂದ ಕರೆದರೆ ಓಗೊಡದವಳು, ಬೆನ್ನ ಹಿಂದಿನ ಮಾತಿಗೆ ತಿರುಗದವಳು, ರಿಂಗಾಗುತ್ತಲೇ ಇದ್ದ ಫೋನು, ಬೀದಿಗೆಲ್ಲ ಕೇಳುವ ಟೀವಿ. ಮುನಿಸಲ್ಲ ಅದು, ಒಂದು ದಿನವೂ ಮುನಿಸಾಗಿರಲಿಲ್ಲ. ಅವಳಿಗೆ ಕಿವಿ ಕೇಳಿಸುತ್ತಿಲ್ಲ. ಈ ಒಂದು ವರ್ಷ ತಾನು ಹಾಕಿದ ಅಂಕಗಳಿಗೆಲ್ಲ ಅವಳು ಕಣ್ಣುಮುಚ್ಚಿ ಒಪ್ಪಿಗೆ ಕೊಡುತ್ತ ಬಂದಿದ್ದಳು, ಕರೆಯ ಹೊತ್ತಿಗೆ ಫೋನನ್ನೇ ನೋಡುತ್ತ ಕೂತು, ಕೇಳದಿದ್ದರೂ ಕೇಳಿಸ್ತಾ ಇದೆ ಎಂದು, ಗಂಡನ ಕೆಲಸಕ್ಕೆ ಕುಂದು ಬರಬಾರದೆಂದೋ, ಗಂಡನಿಗೆ ಗೊತ್ತಾಗಬಾರದೆಂದೋ. ಅವನಿಗೆ ಓಡಿಹೋಗಿ ಆ ಪರದೆಯ ಮುಂದೆ ಬಟ್ಟೆ ಹಿಡಿಯಬೇಕೆನಿಸಿತು.

ಎದ್ದು ಹೋಗಿ ಡೈರೆಕ್ಟರ ಕೈಯಿಂದ ಮೈಕು ತೆಗೆದುಕೊಂಡ. ಕೊಡುವ ಮನಸ್ಸು ಡೈರೆಕ್ಟರಿಗೆ ಇರಲಿಲ್ಲ, ಕಿತ್ತುಕೊಂಡ ಎಂದರೂ ಸರಿಯೇ. "ಕ್ಷಮಿಸಿ. ಲೈನಲ್ಲಿ ದೋಷ ಇದೆ. ನಾನೇ ಪರೀಕ್ಷೆ ಮಾಡಿದ್ದು, ಸರಿಯಾಗಿ ಮಾಡಿಲ್ಲ. ನೆಟ್‌ವರ್ಕ್ ಇನ್ನೂ ತಯಾರಾಗಿಲ್ಲ," ಎಂದ. ಸಭೆಯಲ್ಲಿ ಗುಜುಗುಜು ಎದ್ದಿತು. ಹಣ ಹೂಡಿದವರ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ಡೈರೆಕ್ಟರ ಮುಖದಿಂದ ಬಣ್ಣ ಇಳಿದುಹೋಯಿತು. ಅವನಿಗೆ ಹೆದರಿಕೆಯಾಗಲಿಲ್ಲ, ಒಂದು ಬಗೆಯ ಹಗುರವಾಯಿತು, ಬಹಳ ವರ್ಷಗಳ ಮೇಲೆ ಅವಳಿಗಾಗಿ ಏನೋ ಮಾಡಿದೆ ಎನಿಸಿತು. ಕರೆ ನಿಲ್ಲಿಸೋಣವೆಂದು ಮೇಜಿನ ಮೇಲಿದ್ದ ಫೋನು ಎತ್ತಿಕೊಂಡ. ಆಗ ಅವನ ಮುಖ ಅವಳಿಗೆ ಕಂಡಿತು.

"ಬೆಳಿಗ್ಗೆ ಅಷ್ಟು ಹೇಳಿದ್ನಲ್ಲ ನಿಮಗೆ," ಎಂದಳು ಅವಳು. ದನಿಯ ಅಳತೆ ತಿಳಿಯದವರು ಮಾತಾಡುವಷ್ಟು ಗಟ್ಟಿಯಾಗಿ, ಸಭಾಂಗಣದ ಎಂಟು ಮೂಲೆಯ ಸ್ಪೀಕರುಗಳಲ್ಲೂ. "ನಂಗೆ ಎರಡು ಕಿವೀನೂ ಹೋಗಿದೆ, ಅಷ್ಟು ಜನರ ಮುಂದೆ ಬೇಡ, ಹೇಗಾದ್ರೂ ತಪ್ಪಿಸಿ ಅಂತ ಬೇಡ್ಕೊಂಡ್ನಲ್ಲ. ಆದ್ರೂ ಕಳಿಸಿದ್ರಲ್ಲ ಇವ್ರನ್ನ."

ಮೊದಲು ಚೇತರಿಸಿಕೊಂಡವನು ಡೈರೆಕ್ಟರು. ಮೈಕು ವಾಪಸು ತೆಗೆದುಕೊಂಡು, ಹೋದ ಜೀವ ಬಂದವನಂತೆ ಸಭೆಯ ಕಡೆ ತಿರುಗಿ, "ಕೇಳಿದಿರಲ್ಲ? ತೊಂದ್ರೆ ನೆಟ್‌ವರ್ಕಿಂದಲ್ಲ," ಎಂದ. "ಒಂದಕ್ಷರಾನೂ ತಪ್ಪಿಲ್ಲ ನೋಡಿ." ಎದ್ದು ನಿಂತಿದ್ದವರು ಕೂತರು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಶುರು ಮಾಡಿದರು, ಅದು ಮುಂದಿನ ಸಾಲಿನವರೆಗೆ ಹಬ್ಬಿಕೊಂಡು ಬಂತು. ಅವನು ಸಭೆಗೆ ಬೆನ್ನು ಹಾಕಿ ಫೋನು ಹಿಡಿದೇ ನಿಂತಿದ್ದ. ಅವಳಿಗೆ ಅವನ ಹೆಗಲಿನ ಹಿಂದೆ ಆ ಕೈಗಳೆಲ್ಲ ಕಾಣುತ್ತಿದ್ದವು. ಅವಳು ಅವನ್ನು ನೋಡಿದಳು, ಆಮೇಲೆ ಅವನ ಬಾಯಿಯನ್ನು ನೋಡಿದಳು.

"ಯಾಕ್ರೀ, ಎಲ್ರೂ ಚಪ್ಪಾಳೆ ತಟ್ತಾ ಇದ್ದಾರೆ?" ಎಂದು ಕೇಳಿದಳು, ಮತ್ತು ಅವನು ಹೇಳುವುದನ್ನು ನೋಡಲು ಕಾದಳು.